ನೋಂದಣಿಯ ಹಿಂದಿನ ರಾತ್ರಿ ಜೊತೆಗಿದ್ದವರಿಗೆ

ನಾವು ಕೈಹಿಡಿದು ನಡೆಸಿದ ಮೊದಲ ಬ್ಯಾಚ್ ಪದವಿ ಮುಗಿಸಿದೆ. ಓದು ಅರ್ಧಕ್ಕೆ ಬಿಡುವ ವಿದ್ಯಾರ್ಥಿಗಳನ್ನು ಉಳಿಸಿಕೊಳ್ಳುವ ಈ ಕೆಲಸ ಹೇಗೆ ಶುರುವಾಯಿತೆಂದು ನಿಮಗೆಲ್ಲ ಗೊತ್ತೇ ಇದೆ. ಪ್ರತಿ ಶುಕ್ರವಾರ ತಪ್ಪದೆ ಹಾಜರಾತಿ ಕಳಿಸಿದ ಅಧ್ಯಾಪಕರು, ಕಿರಿಯರ ಬೆನ್ನಿಗೆ ನಿಂತ ಹಿರಿಯ ವಿದ್ಯಾರ್ಥಿಗಳು, ಅಣಕು ಸಂದರ್ಶನಕ್ಕೆ ಭಾನುವಾರ ಬಿಟ್ಟುಕೊಟ್ಟ ಹಳೆಯ ವಿದ್ಯಾರ್ಥಿಗಳು, ಎಲ್ಲರಿಗೂ ಮನಸಾರೆ ಧನ್ಯವಾದ.

ಇನ್ನುಳಿದದ್ದು ಶುಲ್ಕ ವಿಭಾಗದ ಮೇಡಂ ಅವರಿಗೆ.

ಮೇಡಂ, ಎರಡನೇ ಸೆಮಿಸ್ಟರ್ ನೋಂದಣಿ ಮುಗಿಯುವ ಹಿಂದಿನ ರಾತ್ರಿ ಶುಲ್ಕ ಬಾಕಿ ಇದ್ದವರನ್ನೆಲ್ಲ ಸಾಫ್ಟ್‌ವೇರ್ ಸಾರಾಸಗಟಾಗಿ ತಡೆದಿತ್ತು. ನೀವು ಮನೆಗೆ ಹೋಗದೆ ಆ ಪಟ್ಟಿಯನ್ನು ಮೂರು ಪಾಲು ಮಾಡಿದಿರಿ: ಕಟ್ಟಿದ್ದರೂ ಜಮೆಯಾಗದವರು, ವಿದ್ಯಾರ್ಥಿವೇತನ ಮಂಜೂರಾಗಿ ಹಣ ಬರಬೇಕಿದ್ದವರು, ನಿಜಕ್ಕೂ ಕೈ ಖಾಲಿ ಇದ್ದವರು. ಮೊದಲ ಎರಡು ಪಾಲಿನವರ ರಸೀದಿ, ಮಂಜೂರಾತಿ ಪತ್ರ ತಾಳೆ ನೋಡಿ ಒಂದೊಂದಾಗಿ ತಡೆ ತೆಗೆದಿರಿ. ಮೂರನೆಯವರಿಗೆ ನೀವೇ ಫೋನ್ ಮಾಡಿದಿರಿ. "ಯಾಕೆ ಕಟ್ಟಿಲ್ಲ?" ಎಂದು ಒಬ್ಬರನ್ನೂ ಕೇಳಲಿಲ್ಲ. "ಎಷ್ಟು ಕಂತಾದರೆ ಆಗುತ್ತೆ?" ಎಂದಿರಿ. ಪ್ರತಿ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಕಂತಿನ ದಿನಾಂಕ ಬರೆದಿರಿ.

ಓದು ಬಿಡುವವರು ಒಂದೇ ದಿನಕ್ಕೆ ಬಿಡುವುದಿಲ್ಲ. ತರಗತಿ ತಪ್ಪುತ್ತದೆ, ಮೊದಲ ಕಿರುಪರೀಕ್ಷೆ ಕೈಕೊಡುತ್ತದೆ, ಗೆಳೆಯರ ಗುಂಪು ದೂರವಾಗುತ್ತದೆ. ಓದಿನ ನಂಟು, ಒಡನಾಟದ ನಂಟು ಎರಡೂ ಬೇಕೆಂದು ಅಮೆರಿಕದ ಶಿಕ್ಷಣ ಸಂಶೋಧಕ ವಿನ್ಸೆಂಟ್ ಟಿಂಟೊ 1975ರಲ್ಲೇ ವಿವರಿಸಿದ್ದರು. ಅದನ್ನು ಓದಿಯೇ ನಾವು ಓದು ಬಿಡುವ ಮುನ್ಸೂಚನೆಗಳ ಪಟ್ಟಿ ಮಾಡಿದ್ದು. ಸತತ ಎರಡು ವಾರದ ಗೈರು ಅದರಲ್ಲಿತ್ತು, ಸಲ್ಲಿಸದ ಅಸೈನ್‌ಮೆಂಟ್ ಇತ್ತು. ಶುಲ್ಕ ಬಾಕಿಯ ಕಾಲಂ ಮಾತ್ರ ಇರಲಿಲ್ಲ. ಅದು ನಮಗೆ ಹೊಳೆಯುವಷ್ಟರೊಳಗೆ ಕೈತಪ್ಪಿ ಹೋದ ಮಕ್ಕಳ ಹೆಸರು ಇವತ್ತಿಗೂ ಕಾಡುತ್ತದೆ. ನಾವು ಕರೆ ಮಾಡುವಷ್ಟರಲ್ಲಿ ಅವರ ನಂಬರೇ ಬದಲಾಗಿತ್ತು.

ಈಗ ನೋಂದಣಿ ಮುಗಿಯುವ ನಾಲ್ಕು ವಾರ ಮೊದಲೇ ಬಾಕಿ ತಾಳೆಯಾಗುತ್ತದೆ.

ಪ್ಲೇಸ್‌ಮೆಂಟ್ ಬಳಗಕ್ಕೂ ಋಣಿ. ಕೊನೆಯ ಸೆಮಿಸ್ಟರಿಗೆ ಕಾಯದೆ ಎರಡನೇ ವರ್ಷದಲ್ಲೇ ಇಂಟರ್ನ್‌ಶಿಪ್ ಹಿಡಿಸಿದಿರಿ. ರೆಸ್ಯೂಮೆಯ ಪ್ರತಿ ಸಾಲಿನಲ್ಲೂ ಏನು ಮಾಡಿದೆ, ಯಾವುದರಿಂದ ಮಾಡಿದೆ, ಏನಾಯಿತು ಎಂಬ ಮೂರೂ ಇರುವಂತೆ ತಿದ್ದಿಸಿದಿರಿ. ಆಫರ್ ಲೆಟರ್ ಎಣಿಸಿ ಸುಮ್ಮನಾದರೆ ಮೂರೇ ತಿಂಗಳಲ್ಲಿ ಕೆಲಸ ಬಿಟ್ಟವರು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಆರು ತಿಂಗಳಾದ ಮೇಲೆ ಮತ್ತೆ ಕರೆ: ಕೆಲಸದಲ್ಲಿದ್ದೀರಾ, ಓದಿದ್ದು ಅಲ್ಲಿ ಬಳಕೆಯಾಗುತ್ತಿದೆಯೇ?

ಆ ಕರೆಯ ಮೊದಲ ಸಾಲು ಮೇಡಂ ಬರೆದುಕೊಟ್ಟದ್ದು: "ಹೇಗಿದ್ದೀರಿ, ಈಗ ಮಾತಾಡೋಕೆ ಬಿಡುವಿದೆಯಾ?"