ನಿಮ್ಮ ವೆಬ್‌ಸೈಟಿನ ಮೊದಲ ಪುಟ ಬದಲಾಗುತ್ತಿದೆ

ಮಾನ್ಯ ಗ್ರಾಹಕರೇ,

ಈ ವರ್ಷ ನವೀಕರಣಕ್ಕೆ ಬರುವ ಎಲ್ಲ ವೆಬ್‌ಸೈಟುಗಳ ಮೊದಲ ಪುಟವನ್ನು ಹೊಸದಾಗಿ ಕಟ್ಟಿಕೊಡುತ್ತೇವೆ. ಓಡುವ ಚಿತ್ರಗಳ ಬ್ಯಾನರ್, ‘ಸುಸ್ವಾಗತ’ದ ಸಾಲು, ಸಂಸ್ಥಾಪಕರ ಸಂದೇಶ ಇವು ಮೇಲಿನ ಜಾಗದಲ್ಲಿ ಇರುವುದಿಲ್ಲ. ಅಲ್ಲಿ ನಿಮ್ಮ ಗಿರಾಕಿ ಫೋನ್ ಮಾಡಿ ಕೇಳುವ ಪ್ರಶ್ನೆಗಳಿಗೆ ಉತ್ತರ ಬರುತ್ತದೆ: ಏನು ಸಿಗುತ್ತದೆ, ಬೆಲೆ ಎಷ್ಟು, ಅಂಗಡಿ ಎಲ್ಲಿ, ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ. ಸಂಸ್ಥಾಪಕರ ಸಂದೇಶ ‘ನಮ್ಮ ಬಗ್ಗೆ’ ಪುಟದಲ್ಲಿ ಹಾಗೇ ಇರುತ್ತದೆ. ನವೀಕರಣದ ಶುಲ್ಕ ಹೆಚ್ಚುವುದಿಲ್ಲ.

ಬ್ಯಾನರ್ ಏಕೆ ಬೇಡ? ಐದು ಚಿತ್ರಗಳು ತಲಾ 2 ಎಂಬಿ ಇದ್ದರೆ ಒಟ್ಟು 10 ಎಂಬಿ. ಸೆಕೆಂಡಿಗೆ 2 ಮೆಗಾಬಿಟ್ ಮಾತ್ರ ಸಿಗುವ ಕಡೆ (1 ಎಂಬಿ ಎಂದರೆ 8 ಮೆಗಾಬಿಟ್) ಅಷ್ಟು ಇಳಿಯಲು 40 ಸೆಕೆಂಡು ಬೇಕು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಇನ್ನು ಮುಂದೆ ಒಂದೇ ಚಿತ್ರ ಇರುತ್ತದೆ: 1200 ಪಿಕ್ಸೆಲ್ ಅಗಲ, ವೆಬ್‌ಪಿ ಎಂಬ ಹಗುರ ಚಿತ್ರ ರೂಪ, 150 ಕೆಬಿ ಒಳಗೆ. ಅದು ನಿಮ್ಮ ಅಂಗಡಿಯದೋ ಸರಕಿನದೋ ಆಗಿರಲಿ. ಕೈಕುಲುಕುತ್ತಿರುವ ಕೋಟುಧಾರಿಗಳ ರೆಡಿಮೇಡ್ ಚಿತ್ರ ಗಾಣದ ಎಣ್ಣೆಯ ಅಂಗಡಿಗೆ ಯಾವ ಗಿರಾಕಿಯನ್ನೂ ತರುವುದಿಲ್ಲ. ಪುಟದೊಳಗೆ ಕೂರಿಸಿದ್ದ ಗೂಗಲ್ ನಕ್ಷೆಯನ್ನೂ ತೆಗೆದು, ಒತ್ತಿದರೆ ಮ್ಯಾಪ್ ಆ್ಯಪ್ ತೆರೆಯುವ ಕೊಂಡಿ ಇಡುತ್ತೇವೆ. ವಿಳಾಸ ಅಕ್ಷರದಲ್ಲೇ ಇರುತ್ತದೆ, ಜೊತೆಗೆ ‘ಬಸ್ ಸ್ಟ್ಯಾಂಡ್ ಎದುರಿನ ಓಣಿ’ ಎಂಬಂಥ ಗುರುತೂ ಇರುತ್ತದೆ.

ಕನ್ನಡದ ವಿಷಯದಲ್ಲಿ ತೊಂದರೆ ಬರುವುದು ಹೆಚ್ಚಾಗಿ ಮೂರು ಕಡೆ. ಹಳೆಯ ನುಡಿ ಫಾಂಟಿನಲ್ಲಿ, ಅಂದರೆ ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ರೂಪದಲ್ಲಿ ಟೈಪ್ ಮಾಡಿದ ಪಠ್ಯವನ್ನು ವೆಬ್‌ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಹುಡುಕಾಟದಲ್ಲಿ ಸಿಗುವುದೂ ಇಲ್ಲ. ಡಿಟಿಪಿಯವರಿಂದ ಪಠ್ಯ ತರಿಸುವಾಗ ‘ಯೂನಿಕೋಡ್‌ನಲ್ಲಿ ಕೊಡಿ’ ಎಂದು ಕೇಳಿ. ನೀವೇ ವಾಟ್ಸ್‌ಆ್ಯಪ್‌ನಲ್ಲಿ ಟೈಪ್ ಮಾಡಿ ಕಳಿಸಿದರೂ ಸಾಕು. ಎರಡನೆಯದು, ಬೆಲೆಪಟ್ಟಿಯನ್ನು ಪೋಸ್ಟರ್ ಚಿತ್ರವಾಗಿ ಹಾಕುವುದು. ಮೊಬೈಲಿನಲ್ಲಿ ಅದನ್ನು ಹಿಗ್ಗಿಸಿ ಹಿಗ್ಗಿಸಿ ಓದಬೇಕು, ಒಂದು ಬೆಲೆ ಬದಲಾದರೆ ಇಡೀ ಪೋಸ್ಟರ್ ಮತ್ತೆ ಮಾಡಿಸಬೇಕು. ಮೂರನೆಯದು ನಮ್ಮ ಕೆಲಸ: ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಹಾಗಾಗಿ ಅಕ್ಷರದ ಗಾತ್ರ 18 ಪಿಕ್ಸೆಲ್, ಸಾಲಿನ ಎತ್ತರ ಅದರ 1.7 ಪಟ್ಟು ಇಡುತ್ತೇವೆ.

ಬೆಲೆ ಹಾಕಲು ಹಲವರು ಹಿಂಜರಿಯುತ್ತೀರಿ. ಎದುರಂಗಡಿಯವರಿಗೆ ನಿಮ್ಮ ಬೆಲೆ ಹೇಗೂ ಗೊತ್ತಿರುತ್ತದೆ, ಗೊತ್ತಿಲ್ಲದಿರುವುದು ಗಿರಾಕಿಗೆ. ದಿನವೂ ಏರಿಳಿಯುವ ಸರಕಾದರೆ ‘ಇಷ್ಟರಿಂದ ಇಷ್ಟರವರೆಗೆ’ ಎಂದು ಹಾಕಿ, ಪಕ್ಕದಲ್ಲಿ ಆ ಬೆಲೆ ಹಾಕಿದ ದಿನಾಂಕ ಇರಲಿ. ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಸಾಗಾಟದ ಖರ್ಚು ಯಾರದು ಎಂಬುದೂ ಅಲ್ಲೇ ಇರಬೇಕು. ಹಣ ಕಟ್ಟುವ ಕೊನೆಯ ಹೆಜ್ಜೆಯಲ್ಲಿ ಏಕಾಏಕಿ ಕೊರಿಯರ್ ಚಾರ್ಜು ಕಂಡರೆ ಗಿರಾಕಿ ಅಲ್ಲೇ ಬಿಟ್ಟು ಹೋಗುತ್ತಾರೆ.

ಸಂಪರ್ಕದ ಫಾರಂನಲ್ಲಿ ಒಂಬತ್ತು ಖಾನೆಗಳಿದ್ದವು, ಇನ್ನು ಮೂರೇ: ಹೆಸರು, ಫೋನ್, ಏನು ಬೇಕು. ಕೆಲವರ ಫಾರಂ ಸಂದೇಶಗಳು ಸ್ಪ್ಯಾಮ್‌ಗೆ ಹೋಗುತ್ತಿದ್ದುದಕ್ಕೂ ಕಾರಣವಿದೆ. ಫಾರಂ ತುಂಬಿದವರ ಜಿಮೇಲ್ ವಿಳಾಸವನ್ನೇ ‘ಕಳಿಸಿದವರು’ ಎಂದು ತೋರಿಸಿ ನಮ್ಮ ಸರ್ವರ್ ಮೇಲ್ ಕಳಿಸಿದರೆ, ಮೇಲ್ ಪಡೆಯುವ ಕಡೆ ಅದನ್ನು ನಕಲಿ ಎಂದು ಅನುಮಾನಿಸುತ್ತಾರೆ. ಈಗ ಮೇಲ್ ನಿಮ್ಮದೇ ಡೊಮೇನಿನ, ಅಂದರೆ ನಿಮ್ಮ ವೆಬ್‌ಸೈಟಿನ ಹೆಸರಿರುವ ವಿಳಾಸದಿಂದ ಬರುತ್ತದೆ. ನೀವು ಉತ್ತರಿಸಿದರೆ ನೇರ ಗಿರಾಕಿಗೆ ಹೋಗುತ್ತದೆ. ವಾಟ್ಸ್‌ಆ್ಯಪ್ ಗುಂಡಿಗೆ ನಂಬರ್ ಕೊಡುವಾಗ ಮುಂದೆ ಸೊನ್ನೆ ಹಚ್ಚಬೇಡಿ. ಕೊಂಡಿಯಲ್ಲಿ 91 ಮತ್ತು ಹತ್ತು ಅಂಕಿ ಮಾತ್ರ ಇರಬೇಕು. ಪ್ಲಸ್ ಗುರುತು, ಮುಂದಿನ ಸೊನ್ನೆ, ಅಡ್ಡಗೆರೆ ಸೇರಿದರೆ ಚಾಟ್ ತೆರೆಯದೇ ಹೋಗಬಹುದು.

ಆನ್‌ಲೈನ್‌ನಲ್ಲಿ ಮಾರುವವರಿಗೆ ಇನ್ನೊಂದು ಮಾತು. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳಂತೆ ದೂರು ಆಲಿಸುವ ಅಧಿಕಾರಿಯ ಹೆಸರು, ಹುದ್ದೆ, ಸಂಪರ್ಕ ವಿವರ ಪುಟದಲ್ಲಿ ಕಾಣಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಚಿಕ್ಕ ಅಂಗಡಿಯಲ್ಲಿ ಆ ಅಧಿಕಾರಿ ಮಾಲೀಕರೇ ಆಗಿರುತ್ತಾರೆ. ಹೆಸರು ಕೊಡಿ, ಪುಟದ ಅಡಿಯಲ್ಲಿ ಹಾಕುತ್ತೇವೆ.

ನಿಮ್ಮಿಂದ ಬೇಕಾದದ್ದು ಇಷ್ಟು. ಕೌಂಟರಿನ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಏಳು ದಿನ ಫೋನಿನಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಬರೆದಿಡಿ. ‘ಕಡಲೆಕಾಯಿ ಎಣ್ಣೆ 5 ಲೀಟರ್ ಕ್ಯಾನ್ ಸಿಗುತ್ತಾ’ ಎಂದು ಕೇಳಿದರೆ ಹಾಗೇ ಬರೆಯಿರಿ, ತಿದ್ದಬೇಡಿ. ಜನ ಗೂಗಲ್‌ನಲ್ಲಿ ಹುಡುಕುವುದೂ ಅದೇ ಮಾತಿನಲ್ಲಿ. ಹೆಚ್ಚು ಸಲ ಬಂದ ಪ್ರಶ್ನೆ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಬರುತ್ತದೆ. ಜೊತೆಗೆ ವಾರದ ರಜೆ, ಹಬ್ಬದ ರಜೆಗಳ ಪಟ್ಟಿ ಕಳಿಸಿ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿರುವ (ಗೂಗಲ್ ಹುಡುಕಾಟ, ಮ್ಯಾಪ್‌ಗಳಲ್ಲಿ ಕಾಣುವ ಅಂಗಡಿಯ ವಿವರ) ಸಮಯವೂ ವೆಬ್‌ಸೈಟಿನ ಸಮಯವೂ ಒಂದೇ ಆಗಿರಬೇಕು, ಇಲ್ಲದಿದ್ದರೆ ಗಿರಾಕಿ ಬಾಗಿಲು ಹಾಕಿದ ಅಂಗಡಿಗೆ ಬಂದು ನಿಲ್ಲುತ್ತಾರೆ.

ಬದಲಾವಣೆಗೆ ಒಂದು ವಾರ ಮೊದಲು ಮಾದರಿ ಪುಟದ ಕೊಂಡಿ ಕಳಿಸುತ್ತೇವೆ. ಅದನ್ನು ಆಫೀಸಿನ ಕಂಪ್ಯೂಟರಿನಲ್ಲಿ ನೋಡಿ ಒಪ್ಪಬೇಡಿ. ಮನೆಯಲ್ಲಿರುವ ಹಳೆಯ ಮೊಬೈಲಿನಲ್ಲಿ, ವೈಫೈ ಆಫ್ ಮಾಡಿ, ಬಿಸಿಲಿನಲ್ಲಿ ನಿಂತು ನೋಡಿ. ಹಳೆಯ ಪುಟಗಳ ವಿಳಾಸಗಳು ಹೊಸ ಪುಟಕ್ಕೆ ತಾವಾಗಿ ತಿರುಗುವಂತೆ ಮಾಡಿರುತ್ತೇವೆ, ಆದ್ದರಿಂದ ನೀವು ಅಚ್ಚು ಹಾಕಿಸಿದ ಕ್ಯೂಆರ್ ಕೋಡ್‌ಗಳನ್ನು ಬದಲಿಸಬೇಕಿಲ್ಲ. ಹಳೆಯ ಬ್ಯಾನರೇ ಬೇಕು ಎನ್ನುವವರು ಮಾದರಿ ಸಿಕ್ಕ ಏಳು ದಿನದೊಳಗೆ ತಿಳಿಸಿ; ಅದನ್ನು ಪುಟದ ಕೆಳಭಾಗದಲ್ಲಿ ಉಳಿಸಿಕೊಡುತ್ತೇವೆ.

ಇಂತಿ,
ವಿನ್ಯಾಸ ಮತ್ತು ನಿರ್ವಹಣೆ ತಂಡ