ಲಸಿಕೆಯ ಲೆಕ್ಕವನ್ನು ವಯಸ್ಸಿನ ಪ್ರಕಾರ ಕೊಡಿ

ಮಾನ್ಯ ಸಂಪಾದಕರೇ,

2022ರ ಜನವರಿಯಲ್ಲಿ ಕೋವಿಡ್ ಲಸಿಕೆಯ ಮೂರನೇ ಡೋಸ್ ಶುರುವಾದಾಗ ನನ್ನ ಅಕ್ಕನಿಗೆ 71. ಶುಗರ್ ಬೇರೆ. ಆದರೂ ಬೇಡವೆಂದಳು. ಅವಳ ಮೊಬೈಲಿಗೆ ಒಂದು ಸುದ್ದಿ ಬಂದಿತ್ತು: ‘ಆಸ್ಪತ್ರೆ ಸೇರಿದವರಲ್ಲಿ ಲಸಿಕೆ ಹಾಕಿಸಿಕೊಂಡವರೇ ಜಾಸ್ತಿ’. ಹೋದ ವಾರ ಅದೇ ಸುದ್ದಿ ನಮ್ಮ ಊರಿನವರ ಗ್ರೂಪಿನಲ್ಲಿ ಮತ್ತೆ ಓಡಾಡಿತು. ಅದಕ್ಕೇ ಈ ಪತ್ರ.

ಮುಂಬೈಯ ಕನ್ನಡ ಶಾಲೆಯಲ್ಲಿ 30 ವರ್ಷ ಗಣಿತ ಕಲಿಸಿದವಳು ನಾನು. ಆ ಜನವರಿಯಲ್ಲೇ ಅಕ್ಕನ ಅಡುಗೆಮನೆಯ ಕ್ಯಾಲೆಂಡರ್ ಹಾಳೆಯನ್ನು ಮಗುಚಿ, ಒಂದು ಉದಾಹರಣೆ ಬರೆದು ತೋರಿಸಿದೆ.

ಹಿರಿಯರು 1000 ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ಲಸಿಕೆ ಹಾಕಿಸಿಕೊಂಡವರು 900, ಅವರಲ್ಲಿ ಆಸ್ಪತ್ರೆ ಸೇರಿದವರು 18. ಹಾಕಿಸಿಕೊಳ್ಳದವರು 100, ಸೇರಿದವರು 10. ಬರೀ 18 ಮತ್ತು 10 ನೋಡಿದರೆ ಭಯವಾಗುತ್ತದೆ. ಆದರೆ ನೂರಕ್ಕೆ ಎಷ್ಟು? ಒಂದು ಕಡೆ 2, ಇನ್ನೊಂದು ಕಡೆ 10. ಹತ್ತರಲ್ಲಿ ಎಂಟು ಕಡಿಮೆ, ಅಂದರೆ ರಕ್ಷಣೆ ಶೇ 80.

ಈಗ ಹುಡುಗರು 1000 ಜನ. ಹಾಕಿಸಿಕೊಂಡವರು 100, ಯಾರೂ ಆಸ್ಪತ್ರೆಗೆ ಹೋಗಲಿಲ್ಲ. ಉಳಿದ 900ರಲ್ಲಿ ಹೋದವರು 5. ಎಲ್ಲರನ್ನೂ ಒಟ್ಟಿಗೆ ಕೂಡಿಸಿ. ಲಸಿಕೆ ಪಡೆದ 1000ದಲ್ಲಿ 18, ಪಡೆಯದ 1000ದಲ್ಲಿ 15! ಎರಡೂ ವಯಸ್ಸಿನವರನ್ನು ಕಾಪಾಡಿದ ಲಸಿಕೆಯೇ ಕೆಟ್ಟದ್ದು ಅಂತ ಕಾಣುತ್ತದೆ. ಲಸಿಕೆ ಪಡೆದವರಲ್ಲಿ ಮುದುಕರೇ ತುಂಬಿದ್ದಾರೆ, ಆಸ್ಪತ್ರೆ ಸೇರುವುದೂ ಅವರೇ ಹೆಚ್ಚು, ಕಾರಣ ಅಷ್ಟೇ.

ಅಕ್ಕ ಬೆರಳಿಟ್ಟು ಎರಡು ಸಲ ಎಣಿಸಿದಳು. “ಹಾಗಾದ್ರೆ ನಾನು ನನ್ನ ವಯಸ್ಸಿನವರ ಸಾಲು ಮಾತ್ರ ನೋಡ್ಬೇಕು, ಅಲ್ವಾ?” ಎಂದಳು. ಮರುದಿನ ಇಬ್ಬರೂ ಹೋಗಿ ಹಾಕಿಸಿಕೊಂಡೆವು.

ವಯಸ್ಸನ್ನು ಬೇರೆ ಮಾಡಿ ನೋಡುವುದು ರೋಗದ ಗಣಿತಕ್ಕೂ ಬೇಕು. 1927ರಲ್ಲಿ ಕೆರ್ಮಾಕ್, ಮೆಕೆಂಡ್ರಿಕ್ ಎಂಬ ಇಬ್ಬರು ವಿಜ್ಞಾನಿಗಳು ರೋಗ ಹೇಗೆ ಹರಡುತ್ತದೆ ಎಂದು ಸಮೀಕರಣಗಳಲ್ಲಿ ಲೆಕ್ಕ ಹಾಕುವ ಗಣಿತದ ಮಾದರಿ ಕಟ್ಟಿದರು. ಅದನ್ನು ಹೋಲಿಸಿ ನೋಡಿದ್ದು ಇದೇ ಮುಂಬೈಯ 1905-06ರ ಪ್ಲೇಗ್ ಸಾವುಗಳ ಅಂಕಿಗಳ ಜೊತೆ. ಆ ಮಾದರಿಯಲ್ಲಿ ಮಗುವೂ ಒಂದೇ, ಅಜ್ಜಿಯೂ ಒಂದೇ. ಈಗಿನ ಮಾದರಿಗಳು ವಯಸ್ಸಿನ ಗುಂಪುಗಳನ್ನು ಬೇರೆ ಮಾಡುತ್ತವೆ. ಶಾಲೆಯ ಮಗು ದಿನಕ್ಕೆ ಎಷ್ಟು ಜನರ ಹತ್ತಿರ ಹೋಗುತ್ತದೆ, ಮನೆಯ ಅಜ್ಜಿ ಎಷ್ಟು ಜನರನ್ನು ನೋಡುತ್ತಾಳೆ, ಡೋಸ್ ಪಡೆದು ಎಷ್ಟು ತಿಂಗಳಾಯಿತು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಯಾರಿಗೆ ಮೊದಲು ಡೋಸ್ ಕೊಡಬೇಕು ಅನ್ನುವುದು ಹೀಗೇ ಗೊತ್ತಾಗುವುದು.

ದಯವಿಟ್ಟು ಇಂಥ ಸುದ್ದಿ ಹಾಕುವಾಗ ಜೊತೆಗೆ ಒಂದು ಚಿಕ್ಕ ಪಟ್ಟಿ ಕೊಡಿ. ವಯಸ್ಸು, ಲಸಿಕೆ ಪಡೆದವರು ಎಷ್ಟು, ಪಡೆಯದವರು ಎಷ್ಟು, ಎರಡೂ ಕಡೆ ಆಸ್ಪತ್ರೆ ಸೇರಿದವರು ಎಷ್ಟು. ಛೇದವಿಲ್ಲದ ಭಿನ್ನರಾಶಿ ಬರೆದರೆ ನಾನು ಐದನೇ ಕ್ಲಾಸಿನ ಮಕ್ಕಳಿಗೂ ಅಂಕ ಕೊಡುತ್ತಿರಲಿಲ್ಲ.

– ನಿವೃತ್ತ ಶಿಕ್ಷಕಿ, ಡೊಂಬಿವಲಿ ಪೂರ್ವ