ಸೀನನಿಗೆ, ಶುಕ್ರವಾರದ ಬೆಕ್ಕಿನ ನಡಿಗೆಗೆ ಮುಂಚೆ

ಸೀನಾ,

ಲಂಡನ್ನಿನ ಹೆಸರಾಂತ ಬೆಕ್ಕುಗಳ ಜಾಗ ತೋರಿಸುವ ಶುಕ್ರವಾರದ ಬೆಕ್ಕಿನ ನಡಿಗೆಯನ್ನು ನಿನ್ನ ತಲೆಗೆ ಕಟ್ಟಿದ್ದಕ್ಕೆ ಬೈದುಕೊಳ್ಳುತ್ತಿರುತ್ತೀಯ. ಬೈದುಕೋ. ಇದನ್ನೆಲ್ಲ ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನೀನು ಓದದೇ ‘ಓದಿದೆ ಮಾರಾಯ’ ಅನ್ನೋ ಆಸಾಮಿ. ಹೀಗೆ ನಾಲ್ಕು ಜನರ ಮುಂದೆ ಇಟ್ಟರೆ ಅವರಾದರೂ ನಿನ್ನ ಬೆನ್ನು ಹತ್ತುತ್ತಾರೆ. ಮೂರನೇ ಛತ್ರಿ ವಿಷಯ ಇಲ್ಲಿ ಎತ್ತೋದಿಲ್ಲ, ಹೆದರಬೇಡ.

ಹತ್ತೂವರೆಗೆ ಕ್ಯಾನನ್ ಸ್ಟ್ರೀಟ್ ಸ್ಟೇಷನ್ ಹೊರಗೆ ಎಲ್ಲರನ್ನೂ ಸೇರಿಸು. ಅಲ್ಲಿಂದ ಗಾಫ್ ಸ್ಕ್ವೇರ್ ತನಕ ಹೆಚ್ಚುಕಡಿಮೆ 2 ಕಿಲೋಮೀಟರ್. ಸುಮ್ಮನೆ ನಡೆದರೆ ಅರ್ಧ ಗಂಟೆ, ಬೆಕ್ಕುಗಳ ಸಮೇತ ಎರಡು ಗಂಟೆ. 15 ಜನಕ್ಕಿಂತ ಹೆಚ್ಚು ಬೇಡ. ಕೊನೆಯ ಗಲ್ಲಿಗಳಲ್ಲಿ ಒಬ್ಬರ ಹಿಂದೆ ಒಬ್ಬರು ನುಸುಳಬೇಕು, ಬಾಲದಲ್ಲಿರುವವರಿಗೆ ನಿನ್ನ ಮಾತು ಮುಟ್ಟುವುದಿಲ್ಲ. ನಿಂತು ಮಾತಾಡುವಾಗ ಬಿಸಿಲು ನಿನ್ನ ಕಣ್ಣಿಗೆ ಹೊಡೆಯಲಿ, ಅವರ ಕಣ್ಣಿಗೆ ಬೇಡ. ಬಿಸಿಲು ಅಂತ ಒಂದಿದ್ದರೆ.

ಮೊದಲು ಕಾಲೇಜ್ ಹಿಲ್, ಸೇಂಟ್ ಮೈಕೇಲ್ ಪ್ಯಾಟರ್‌ನಾಸ್ಟರ್ ರಾಯಲ್ ಚರ್ಚು. ಇಂಗ್ಲಿಷರ ಜನಪದ ಕಥೆಯ ಡಿಕ್ ವಿಟಿಂಗ್ಟನ್ ಬೆಕ್ಕಿನ ಜೊತೆ ನಿಂತಿರುವ ಬಣ್ಣದ ಗಾಜಿನ ಕಿಟಕಿ ಇಲ್ಲಿದೆ, 1968ರಲ್ಲಿ ಜಾನ್ ಹೇವರ್ಡ್ ಮಾಡಿದ್ದು. ಹೊರಗಿನಿಂದ ನೋಡಿದರೆ ಅದು ಮಸಿಬಟ್ಟೆ. ಒಳಗೆ ಹೋಗಿ ಬೆಳಕಿಗೆ ಎದುರಾಗಿ ನೋಡಬೇಕು. ಶನಿವಾರ ಭಾನುವಾರ ಬಾಗಿಲು ಹಾಕಿರೋದೇ ಹೆಚ್ಚು, ಅದಕ್ಕೇ ಶುಕ್ರವಾರ ಇಟ್ಟುಕೊಂಡಿದ್ದು. ಮೊದಲು ಕಥೆಯನ್ನು ಕಥೆಯ ಹಾಗೇ ಎರಡು ನಿಮಿಷದಲ್ಲಿ ಹೇಳಿಬಿಡು: ಬಡ ಹುಡುಗ, ಒಂದೇ ಬೆಕ್ಕು, ಇಲಿ ಕಾಟದ ದೂರದೇಶ, ಕೊನೆಗೆ ಮೇಯರ್ ಪಟ್ಟ. ಆಮೇಲೆ ಒಂದೊಂದೇ ಇಟ್ಟಿಗೆ ಕೀಳು. ಆತ ಗ್ಲಾಸ್ಟರ್‌ಶೈರಿನ ಜಮೀನುದಾರರ ಮಗ, ಬಟ್ಟೆ ವ್ಯಾಪಾರಿ, ರಾಜರಿಗೇ ಸಾಲ ಕೊಟ್ಟವನು, ನಾಲ್ಕು ಸಲ ಮೇಯರ್. ಸತ್ತದ್ದು 1423ರಲ್ಲಿ, ಹೂತಿದ್ದು ಇದೇ ಚರ್ಚಿನಲ್ಲಿ. ಬೆಕ್ಕು ಮೊದಲ ಸಲ ಕಾಗದದ ಮೇಲೆ ಕಾಣಿಸಿಕೊಳ್ಳೋದು 1605ರಲ್ಲಿ. ನಮ್ಮ ತೆನಾಲಿ ರಾಮನ ಬೆಕ್ಕಿನ ಕಥೆಯೂ ಇದೇ ತಾನೆ? ಬಿಸಿ ಹಾಲು ಎಲ್ಲರಿಗೂ ನೆನಪಿದೆ, ಶಾಸನ ಮಾತ್ರ ಯಾವ ಕಲ್ಲಿನ ಮೇಲೂ ಇಲ್ಲ.

1949ರಲ್ಲಿ ವಿಟಿಂಗ್ಟನ್ ಸಮಾಧಿ ಹುಡುಕಿ ಇಲ್ಲಿ ಅಗೆದಾಗ ಸಮಾಧಿ ಸಿಗಲಿಲ್ಲ, ಒಣಗಿ ಕಡ್ಡಿಯಾದ ಬೆಕ್ಕೊಂದು ಸಿಕ್ಕಿತು. ಇದು ಅವನದೇ ಬೆಕ್ಕು ಅಂದುಬಿಡಲು ನಾಲಿಗೆ ತುರಿಸುತ್ತೆ. ತಡೆದುಕೋ. ಹಳೇ ಚರ್ಚು 1666ರ ಬೆಂಕಿಯಲ್ಲೇ ಬೂದಿಯಾಯಿತು. ಈ ಬೆಕ್ಕು ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಮತ್ತೆ ಕಟ್ಟಿಸಿದ ಕಾಲದ್ದಿರಬೇಕು.

ಅಲ್ಲಿಂದ ಸೇಂಟ್ ಪಾಲ್ಸ್ ದಾಟಿ ಸೇಂಟ್ ಮಾರ್ಟಿನ್ಸ್ ಲೆ ಗ್ರ್ಯಾಂಡ್. ರಸ್ತೆ ಬದಿಯಲ್ಲಿ ಬಾಯಿ ತೆಗೆಯಬೇಡ, ಬಸ್ಸುಗಳು ನುಂಗಿಹಾಕುತ್ತವೆ. ಪಕ್ಕದ ಪೋಸ್ಟ್‌ಮ್ಯಾನ್ಸ್ ಪಾರ್ಕಿನೊಳಗೆ ಕೂರಿಸು. ಹನ್ನೊಂದೂವರೆಯೊಳಗೆ ಸೇರಿಕೋ, ಆಮೇಲೆ ಆಫೀಸಿನವರು ಊಟದ ಡಬ್ಬಿ ಹಿಡಿದು ಬಂದರೆ ಒಂದು ಬೆಂಚೂ ಸಿಗಲ್ಲ. ಇಲ್ಲಿ ಬೆಕ್ಕಿನ ವಿಗ್ರಹ ಇಲ್ಲ, ಕಿಟಕಿ ಇಲ್ಲ, ನೋಡಲು ಬೆಕ್ಕಿನ ಗುರುತೇ ಇಲ್ಲ. ಆದರೂ ಇಡೀ ನಡಿಗೆಯಲ್ಲಿ ದಾಖಲೆ ಗಟ್ಟಿಯಾಗಿರುವ ಜಾಗ ಇದೇ, ಯಾಕೆಂದರೆ ಇಲ್ಲಿದ್ದ ಅಂಚೆ ಕಚೇರಿಯ ಬೆಕ್ಕುಗಳು ಸಂಬಳದವು. 1868ರಲ್ಲಿ ಮನಿ ಆರ್ಡರ್ ಆಫೀಸಿನ ಅಧಿಕಾರಿ ಮೂರು ಬೆಕ್ಕಿಗೆ ವಾರಕ್ಕೆ 2 ಶಿಲಿಂಗ್ ಕೇಳಿದ. ಮೇಲಿನವರು 1 ಶಿಲಿಂಗ್ ಮಂಜೂರು ಮಾಡಿ ಷರಾ ಬರೆದರು: ಬಾಕಿ ಸಂಬಳವನ್ನು ಇಲಿಯ ರೂಪದಲ್ಲೇ ಪಡೆಯತಕ್ಕದ್ದು, ಆರು ತಿಂಗಳಲ್ಲಿ ಇಲಿ ಕಡಿಮೆಯಾಗದಿದ್ದರೆ ಭತ್ಯೆ ಇನ್ನಷ್ಟು ಕಡಿತ. ಲೆಕ್ಕವನ್ನು ಜನರ ಬಾಯಲ್ಲೇ ಹೇಳಿಸು. ಶಿಲಿಂಗಿಗೆ 12 ಪೆನ್ಸ್, ತಲಾ ಬೆಕ್ಕಿಗೆ ವಾರಕ್ಕೆ 4. 1873ರಲ್ಲಿ ಒಂದೂವರೆ ಶಿಲಿಂಗಿಗೆ ಏರಿತು. 1953ರಲ್ಲಿ ಪಾರ್ಲಿಮೆಂಟಿನಲ್ಲೇ ಪ್ರಶ್ನೆ ಬಂದು, ಈ ನೌಕರರನ್ನು ನಂಬೋ ಹಾಗಿಲ್ಲ, ದೀರ್ಘಕಾಲ ಗೈರುಹಾಜರಾಗುತ್ತಾರೆ ಅಂತ ಸರ್ಕಾರದ ಕಡೆಯಿಂದ ಉತ್ತರ ಬಂತು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರು ಗುಂಪಿನಲ್ಲಿದ್ದರೆ ನಗು ಇಲ್ಲಿಂದ ಶುರು.

ಟಿಬ್ಸ್ ಅನ್ನೋ ಬೆಕ್ಕನ್ನು ಬಿಡಬೇಡ. 1950ರಿಂದ 1964ರ ತನಕ ಇಲ್ಲಿನ ಅಂಚೆ ಪ್ರಧಾನ ಕಚೇರಿಯಲ್ಲಿದ್ದವನು, ತೂಕ 23 ಪೌಂಡ್. ಪೌಂಡ್ ಅಂದರೆ ನಮ್ಮವರಿಗೆ ಹತ್ತಲ್ಲ, ಹತ್ತು ಕೆಜಿ ಅಕ್ಕಿ ಚೀಲ ಅನ್ನು.

ಮುಂದೆ ಲಡ್ಗೇಟ್ ಹಿಲ್ ಇಳಿದು ಫ್ಲೀಟ್ ಸ್ಟ್ರೀಟ್. ಮಾತಿಲ್ಲದೆ ನಡೆಸು. ಬಲಗಡೆ ಜಾನ್ಸನ್ಸ್ ಕೋರ್ಟ್ ಗಲ್ಲಿ ಹೊಕ್ಕುವಾಗ ಒಂದು ಸಲ, ಹೊರಬಿದ್ದಾಗ ಇನ್ನೊಂದು ಸಲ ತಲೆ ಎಣಿಸು. ಆ ಗಲ್ಲಿಯ ಜಾನ್ಸನ್ ಬೇರೆ, ಇಂಗ್ಲಿಷ್ ನಿಘಂಟು ಬರೆದ ನಮ್ಮ ಸ್ಯಾಮ್ಯುಯೆಲ್ ಜಾನ್ಸನ್ ಬೇರೆ. ಆದರೆ ನಮ್ಮವನೂ ಮುಂದೆ ಆ ಗಲ್ಲಿಯಲ್ಲೇ ಮನೆ ಮಾಡಿದ್ದ. ಹೇಳಿ ಗೊಂದಲ ಹಚ್ಚಬೇಡ.

ಗಾಫ್ ಸ್ಕ್ವೇರಿನಲ್ಲಿ, ಜಾನ್ಸನ್ ಇದ್ದ ಮನೆಯ ಎದುರು, ಅವನ ಬೆಕ್ಕು ಹಾಜ್. 1997ರಲ್ಲಿ ಜಾನ್ ಬಿಕ್ಲಿ ಮಾಡಿದ ಕಂಚಿನ ಬೆಕ್ಕು. ನಿಘಂಟಿನ ಮೇಲೆ ಕೂತಿದೆ, ಪಕ್ಕದಲ್ಲಿ ಸಿಂಪಿಯ ಚಿಪ್ಪು. ಪೀಠವನ್ನು ಭುಜದ ಎತ್ತರಕ್ಕೇ ಇಟ್ಟಿದ್ದಾರೆ, ಹೆಗಲ ಮೇಲೆ ಕೈ ಹಾಕಲು ಅನುಕೂಲವಾಗಲಿ ಅಂತ. ಐದು ನಿಮಿಷ ಫೋಟೋಕ್ಕೆ ಬಿಟ್ಟು ಆಮೇಲೆ ಮಾತು ಶುರುಮಾಡು. ಮೊದಲೇ ಮಾಡಿದರೆ ಒಬ್ಬರೂ ಕೇಳಲ್ಲ. ಸಿಂಪಿ ಅಂದರೆ ಈಗ ದುಬಾರಿ ಹೋಟೆಲಿನ ತಿಂಡಿ, ಆಗ ಬಡವರ ಊಟ. ಇದನ್ನು ಹೇಳದಿದ್ದರೆ ಜಾನ್ಸನ್ ಬೆಕ್ಕಿಗೆ ಬಾದಾಮಿ ಹಲ್ವ ತಿನ್ನಿಸುತ್ತಿದ್ದ ಅಂದುಕೊಂಡು ಮನೆಗೆ ಹೋಗುತ್ತಾರೆ. ‘ಇದಕ್ಕಿಂತ ಇಷ್ಟವಾದ ಬೆಕ್ಕುಗಳು ನನ್ನ ಹತ್ತಿರ ಇದ್ದವು’ ಅಂದವನು, ಹಾಜ್ ಮುಖ ಸಪ್ಪಗಾಯಿತು ಅನ್ನಿಸಿ ಕೂಡಲೇ ‘ಆದರೆ ಇವನು ಬಹಳ ಒಳ್ಳೇ ಬೆಕ್ಕು, ಬಹಳ ಒಳ್ಳೇ ಬೆಕ್ಕು’ ಅಂದನಂತೆ. ಜಾನ್ಸನ್ನನ ಜೀವನಚರಿತ್ರೆ ಬರೆದ, ಬೆಕ್ಕು ಕಂಡರಾಗದ ಬಾಸ್ವೆಲ್ ಅದೇ ಕೋಣೆಯಲ್ಲಿ ಮುದುರಿ ಕೂತು ಕೇಳಿಸಿಕೊಂಡು ಬರೆದದ್ದು.

ಈಗ ಮುಖ್ಯ ವಿಷಯ. ಸಿಂಪಿ ತರಲು ಜಾನ್ಸನ್ ತಾನೇ ಹೋಗುತ್ತಿದ್ದ. ಯಾಕೆ? ಆ ಕೆಲಸ ಆಳುಗಳಿಗೆ ಹಚ್ಚಿದರೆ ಅವರು ಬೆಕ್ಕನ್ನು ದ್ವೇಷಿಸಿಯಾರು ಅಂತ, ಇದು 1791ರಲ್ಲಿ ಬಾಸ್ವೆಲ್ ಕೊಟ್ಟ ಕಾರಣ. ಅವನಿಗಿಂತ ಐದು ವರ್ಷ ಮೊದಲೇ ಜಾನ್ಸನ್ನನ ಗೆಳತಿ ಹೆಸ್ಟರ್ ಥ್ರೇಲ್ ಬೇರೆ ಕಾರಣ ಬರೆದಿದ್ದಳು: ನಾಲ್ಕು ಕಾಲಿನ ಪ್ರಾಣಿಯ ಚಾಕರಿಗೆ ಹಚ್ಚಿದರಲ್ಲ ಅಂತ ಫ್ರಾನ್ಸಿಸ್‌ನ ಮನಸ್ಸು ನೋಯಬಾರದು ಅಂತ. ಫ್ರಾನ್ಸಿಸ್ ಬಾರ್ಬರ್, ಜಾನ್ಸನ್ನನ ಆಳು. (ಬಾರ್ಬರ್ ಅವನ ಹೆಸರು, ಕಸುಬಲ್ಲ. ಪ್ರತೀ ಸಲ ಯಾರಾದರೂ ಕೇಳುತ್ತಾರೆ.) ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿದವನು, 1752ರಲ್ಲಿ ಹುಡುಗನಾಗಿ ಈ ಮನೆಗೆ ಬಂದ. ಜಾನ್ಸನ್ ಅವನನ್ನು ಶಾಲೆಗೆ ಕಳಿಸಿದ, ಕೊನೆಗೆ ವರ್ಷಕ್ಕೆ 70 ಪೌಂಡ್ ಬರುವಂತೆ ಉಯಿಲು ಬರೆದ. ಇನ್ನೊಂದು ಲೆಕ್ಕ ನೋಡು: ಜಾನ್ಸನ್ ಗಾಫ್ ಸ್ಕ್ವೇರ್ ಬಿಟ್ಟದ್ದು 1759, ಬಾಸ್ವೆಲ್ ಅವನಿಗೆ ಪರಿಚಯವಾದದ್ದು 1763. ಬಾಸ್ವೆಲ್ ಕಂಡ ಹಾಜ್ ಈ ಮನೆಯಲ್ಲಿ ಕಂಡದ್ದಲ್ಲ. ಈ ಮನೆಯಲ್ಲಿ ಇದ್ದದ್ದು ಖಾತ್ರಿಯಾದವನಿಗೆ ಚೌಕದಲ್ಲಿ ವಿಗ್ರಹ ಇಲ್ಲ, ಖಾತ್ರಿಯಿಲ್ಲದ ಬೆಕ್ಕಿಗೆ ಇದೆ.

ನಾನು ಇಷ್ಟು ದಿನ ಬಾಸ್ವೆಲ್ ಕಾರಣವನ್ನಷ್ಟೇ ಹೇಳಿಕೊಂಡು ಬಂದೆ. ಬೆಕ್ಕು ನೋಡಲು ಬಂದವರ ಮುಂದೆ ಗುಲಾಮಗಿರಿ ಎತ್ತಿದರೆ ಮುಖ ಬಿಗಿಯುತ್ತೆ ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೆ. ಪೂರ್ತಿ ನಿಜ ಅದಲ್ಲ. ನಮ್ಮವರ ಗುಂಪಿನಲ್ಲಿ ಆ ಮಾತು ತೆಗೆದರೆ ಅದು ಯಾರ ಹಿತ್ತಿಲಿಗೆ ಬಂದು ನಿಲ್ಲುತ್ತೆ ಅಂತ ಗೊತ್ತಿತ್ತು. ನಮ್ಮ ಅಜ್ಜಿ ಮನೆಯಲ್ಲಿ ಬೆಕ್ಕು ಒಲೆ ಮುಂದೆ ಮಲಗುತ್ತಿತ್ತು. ಕೊಟ್ಟಿಗೆ ಬಳಿಯುವವಳು ಹಿತ್ತಿಲ ಬಾಗಿಲ ಆಚೆ ನಿಲ್ಲುತ್ತಿದ್ದಳು. ಅವಳ ಕಾಫಿ ಕರಟದಲ್ಲಿ, ಅದೂ ಮೇಲಿಂದ ಎತ್ತಿ ಹೊಯ್ದದ್ದು. ಬೆಕ್ಕಿನ ಹೆಸರು ಚಿನ್ನಿ. ಅವಳ ಹೆಸರು ನಾಲ್ಕು ದಿನದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ, ಬರುತ್ತಿಲ್ಲ. ನೀನೂ ಎರಡು ಬೇಸಿಗೆ ಅಲ್ಲಿದ್ದೆಯಲ್ಲ, ನಿನಗೆ ಗೊತ್ತಾ?

ಇದನ್ನೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಅಳಿಸಲು ಹೋದರೆ ಉಳಿದದ್ದೂ ಹೋಗುತ್ತೆ, ನನ್ನ ಫೋನಿನ ಯೋಗ್ಯತೆ ನಿನಗೆ ಗೊತ್ತಲ್ಲ. ಶುಕ್ರವಾರ ಎರಡೂ ಕಾರಣ ಹೇಳು, ಥ್ರೇಲ್ ಹೇಳಿದ್ದನ್ನು ಮೊದಲು.

ಪ್ರಧಾನಿ ಮನೆಯ ಬೆಕ್ಕು, ಡೌನಿಂಗ್ ಸ್ಟ್ರೀಟಿನ ಲ್ಯಾರಿ ಯಾಕಿಲ್ಲ ಅಂತ ಒಬ್ಬರಾದರೂ ಕೇಳುತ್ತಾರೆ. 2011ರಿಂದ ಅಲ್ಲೇ ಇದ್ದಾನೆ, ಕ್ಯಾಮರಾನ್‌ನಿಂದ ಸ್ಟಾರ್ಮರ್ ತನಕ ಪ್ರಧಾನಿಗಳನ್ನು ಕಂಡಿದ್ದಾನೆ, ಗೇಟಿನ ಹೊರಗೆ ನಿಂತವರಿಗೆ ಮಾತ್ರ ಬಾಲದ ತುದಿಯೂ ಕಾಣಲ್ಲ ಅನ್ನು. ಇನ್ನೊಂದು, ಹಾಜ್‌ನ ಚಿಪ್ಪಿನಲ್ಲಿ ಬಂದವರು ಚಿಲ್ಲರೆ ಕಾಸು ಇಟ್ಟುಹೋಗಿರುತ್ತಾರೆ. ಅದು ಬೆಕ್ಕಿನದು. ಮದ್ದೂರು ಸ್ಟೇಷನ್ನಿನಲ್ಲಿ ಮಾಡಿದ ಹಾಗೆ ಮಾಡಬೇಡ.

ನಿನ್ನ
ಇವನು